ಮಳೆಗಾಲಕ್ಕೊಂದು ಸಣ್ಣ ಜನರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿಯಲ್ಲಿ ಜೂನ್ ಹಿಡಿಯಿತೆಂದರೆ ಗಾಳಿಗೆ ಮರ ಬಿದ್ದು ಲೈನ್ ಕಡಿಯುವುದು, ಎರಡು ಮೂರು ದಿನ ಕರೆಂಟ್ ಬಾರದಿರುವುದು ಮಾಮೂಲು. ಅದಕ್ಕೆಂದೇ ಮನೆ, ಅಂಗಡಿ, ತೋಟಗಳಲ್ಲಿ 1ರಿಂದ 5 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ತನಕದ ಪೆಟ್ರೋಲ್ ಜನರೇಟರ್ ಇಟ್ಟುಕೊಂಡವರು ಬಹಳ. ಇಲ್ಲಿನ ಉತ್ತರಗಳು ಅಂಥ ಸಿಂಗಲ್ ಫೇಸ್ ಯಂತ್ರಗಳಿಗೆ ಸಂಬಂಧಿಸಿದವು. ಹೊಗೆ, ಮೇನ್ ಲೈನ್, ಪೆಟ್ರೋಲ್ ಈ ಮೂರರ ಬಗ್ಗೆ ಬರೆದದ್ದನ್ನು ಹಗ್ಗ ಎಳೆಯುವ ಮೊದಲೇ ಓದಿ. ಉಳಿದದ್ದನ್ನು ಯಂತ್ರ ಸತಾಯಿಸಿದಾಗ ಓದಿಕೊಂಡರೂ ನಡೆಯುತ್ತದೆ.

ಜನರೇಟರನ್ನು ಎಲ್ಲಿ ಇಡಬೇಕು? ಜಗಲಿಯ ಮೇಲೆ ಇಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಮನೆಯಿಂದ ಕನಿಷ್ಠ 20 ಅಡಿ, ಅಂದರೆ 6 ಮೀಟರ್ ದೂರದಲ್ಲಿ, ತೆರೆದ ಅಂಗಳದಲ್ಲಿ ಇಡಬೇಕು. ಸೈಲೆನ್ಸರಿನ ಬಾಯಿ ಮನೆಯ ಕಡೆಗಾಗಲಿ, ಪಕ್ಕದ ಮನೆಯ ಕಿಟಕಿಯ ಕಡೆಗಾಗಲಿ ತಿರುಗಿರಬಾರದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಹೊಗೆ ಮನೆಯಿಂದಾಚೆ ಹೋಗುವಂತೆ ಇಡಿ. ಮಳೆಗಾಲದ ಗಾಳಿ ದಿಕ್ಕು ಬದಲಿಸುತ್ತಲೇ ಇರುತ್ತದೆ, ಹಾಗಾಗಿ ಬೆಳಿಗ್ಗೆ ಸರಿಯಿದ್ದ ಜಾಗ ಸಂಜೆಗೆ ಸರಿಯಿರಬೇಕೆಂದಿಲ್ಲ.

ಜಗಲಿ, ಕೊಟ್ಟಿಗೆ, ಕಾರು ನಿಲ್ಲಿಸುವ ಶೆಡ್, ಮೆಟ್ಟಿಲ ಕೆಳಗಿನ ಮೂಲೆ, ಅರ್ಧ ಶಟರ್ ಎಳೆದ ಅಂಗಡಿ ಇವೆಲ್ಲ ಒಳಗಿನ ಜಾಗಗಳೇ. ಬಾಗಿಲು ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಿದರೂ ಸಾಲದು. ಹೆಂಚಿನ ಮನೆಯಲ್ಲಿ ಸೂರಿನ ಸಂದಿಯಿಂದ ಹೊಗೆ ಒಳಗೆ ಸೇರಿ ಮಲಗುವ ಕೋಣೆಯ ತನಕ ಹೋಗುತ್ತದೆ. ಕಳ್ಳರ ಭಯಕ್ಕೆ ಒಳಗಿಡುವವರು ಹೆಚ್ಚು. ಅದಕ್ಕೆ ಪರಿಹಾರ ಸರಪಳಿ ಮತ್ತು ಬೀಗ. ಅಂಗಳದ ಕಂಬಕ್ಕೆ ಕಟ್ಟಿ ಬೀಗ ಹಾಕಿ.

ಹೊಗೆ ಅಷ್ಟೇನೂ ಕಾಣುವುದಿಲ್ಲ. ಅದರಲ್ಲಿ ಅಂಥದ್ದೇನಿದೆ?

ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ಸಿಗುವುದಿಲ್ಲ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 150ರಿಂದ 200 ಪಾಲು ಈ ಅನಿಲ ಬಹಳ ಹೊತ್ತು ಇದ್ದರೆ ಪ್ರಜ್ಞೆ ತಪ್ಪುತ್ತದೆ, ಸಾವೂ ಬರಬಹುದು. ಮುಚ್ಚಿದ ಕೋಣೆಯಲ್ಲಿ ಓಡುವ ಸಣ್ಣ ಎಂಜಿನ್ ಆ ಮಟ್ಟವನ್ನು ಕೆಲವೇ ನಿಮಿಷಗಳಲ್ಲಿ ದಾಟಿಸುತ್ತದೆ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ.

ವಿಷ ತಾಗಿದೆ ಎಂದು ತಿಳಿಯುವುದು ಹೇಗೆ? ಆಗ ಏನು ಮಾಡಬೇಕು?

ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು. ಪಿತ್ತ ಕೆದರಿತೆಂದೋ ಶೀತವೆಂದೋ ಸುಮ್ಮನಾಗುವವರೇ ಹೆಚ್ಚು. ವ್ಯತ್ಯಾಸ ಇಷ್ಟು: ಜ್ವರ ಇರುವುದಿಲ್ಲ, ಮನೆಯಲ್ಲಿದ್ದವರಿಗೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತದೆ, ಹೊರಗೆ ಹೋಗಿ ನಿಂತರೆ ಸ್ವಲ್ಪ ಹಗುರಾಗುತ್ತದೆ.

ಅನುಮಾನ ಬಂದ ಕೂಡಲೇ ಎಲ್ಲರೂ ಹೊರಗೆ ಬನ್ನಿ. ಎಂಜಿನ್ ಆರಿಸಲೆಂದು ಹೊಗೆ ತುಂಬಿದ ಕೋಣೆಗೆ ನುಗ್ಗಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ, ಜನರೇಟರ್ ಹೊಗೆ ಎಂದು ಸ್ಪಷ್ಟವಾಗಿ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಅದು ಓದುತ್ತದೆ. 98 ತೋರಿಸಿತೆಂದು ಮನೆಯಲ್ಲೇ ಉಳಿಯಬೇಡಿ. ಚಿಕಿತ್ಸೆ ಎಂದರೆ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಡುವುದು. ಬರೀ ಹೊರಗಿನ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು, ಶುದ್ಧ ಆಮ್ಲಜನಕದಲ್ಲಿ ಒಂದು ಒಂದೂವರೆ ಗಂಟೆ ಸಾಕು.

ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ. ಜನರೇಟರ್ ಇರುವ ಮನೆಯಲ್ಲಿ ಮಲಗುವ ಕೋಣೆಯ ಹತ್ತಿರ ಒಂದು ಇರಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸಾಕೆಟ್‌ಗೆ ವೈರು ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡಬಹುದಲ್ಲವೇ? ಮೇನ್ ಆಫ್ ಮಾಡಿದರೆ ಆಯಿತಲ್ಲ?

ಎರಡೂ ತುದಿಗೆ ಪಿನ್ ಕಟ್ಟಿದ ವೈರನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ, ಇದ್ದರೆ ಇವತ್ತೇ ಕತ್ತರಿಸಿ ಹಾಕಿ. ಜನರೇಟರಿಗೆ ಸಿಕ್ಕಿಸಿದ ಕ್ಷಣ ಇನ್ನೊಂದು ತುದಿಯ ಬರಿಯ ಪಿನ್ನಿನಲ್ಲಿ 230 ವೋಲ್ಟ್ ನಿಂತಿರುತ್ತದೆ. ಕತ್ತಲಲ್ಲಿ ಸಾಕೆಟ್ ಹುಡುಕುವ ಕೈ ಅದಕ್ಕೆ ತಗುಲಲು ಎಷ್ಟು ಹೊತ್ತು?

ಅದಕ್ಕಿಂತ ದೊಡ್ಡ ಅಪಾಯ ಊರಾಚೆ ಕಂಬದ ಮೇಲಿರುವವರಿಗೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. 11,000 ವೋಲ್ಟನ್ನು ಮನೆಯ ಮಟ್ಟಕ್ಕೆ ಇಳಿಸುವ ಅದೇ ಸುರುಳಿ, ಮನೆಯಿಂದ ಹೊರಟ 230 ವೋಲ್ಟನ್ನು ತಿರುಗಿ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಫೀಡರ್, ಅಂದರೆ ಆ ಭಾಗಕ್ಕೆ ಕರೆಂಟ್ ತರುವ ಲೈನ್, ಬಂದ್ ಮಾಡಿಸಿಕೊಂಡು, ಮಳೆಯಲ್ಲಿ ನೆನೆಯುತ್ತ ಕಡಿದ ತಂತಿ ಜೋಡಿಸುತ್ತಿರುವ ಲೈನ್‌ಮ್ಯಾನ್ ಸತ್ತ ಲೈನ್ ಎಂದುಕೊಂಡು ಮುಟ್ಟುವುದು ಇದನ್ನೇ. ಇನ್ನು ಲೈನಿನಲ್ಲಿ ಕರೆಂಟ್ ಬಂದಾಗ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದು ನಿಮ್ಮ ಜನರೇಟರಿನ ಸುರುಳಿ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು.

ಮೇನ್ ಆಫ್ ಮಾಡುವುದು ನೆನಪಿನ ಮೇಲೆ ನಿಂತ ವ್ಯವಸ್ಥೆ. ನೀವು ಆಫ್ ಮಾಡಿದ್ದನ್ನು ಮನೆಯ ಇನ್ನೊಬ್ಬರು ಆನ್ ಮಾಡಬಹುದು. ನ್ಯೂಟ್ರಲ್ ಕಡಿಯದ ಹಳೆಯ ಮೇನ್ ಸ್ವಿಚ್‌ಗಳೂ ಇನ್ನೂ ಎಷ್ಟೋ ಮನೆಗಳಲ್ಲಿವೆ.

ಹಾಗಾದರೆ ಸರಿಯಾದ ದಾರಿ ಯಾವುದು?

ಎರಡು ದಾರಿ. ಒಂದು, ಮನೆಯ ವೈರಿಂಗ್ ಮುಟ್ಟದೆ, ಜನರೇಟರಿನ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದು ಬೇಕಾದ ಉಪಕರಣಗಳಿಗೆ ನೇರವಾಗಿ ಕೊಡುವುದು. ಫ್ರಿಜ್ಜು, ನಾಲ್ಕು ದೀಪ, ಮೊಬೈಲ್ ಚಾರ್ಜಿಗೆ ಇಷ್ಟು ಧಾರಾಳ ಸಾಕು.

ಇನ್ನೊಂದು, ಮೀಟರಿನ ನಂತರ, ಮೇನ್ ಬೋರ್ಡಿಗೆ ಮೊದಲು ಚೇಂಜ್‌ಓವರ್ ಸ್ವಿಚ್ ಹಾಕಿಸುವುದು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು ಬೇಕು, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಹಿಡಿಕೆಗೆ ಮೂರು ಸ್ಥಾನ: ಲೈನ್, ನಡುವೆ ಆಫ್, ಜನರೇಟರ್. ಎರಡೂ ಒಟ್ಟಿಗೆ ಸೇರಲು ಯಂತ್ರದ ರಚನೆಯಲ್ಲೇ ಅವಕಾಶವಿಲ್ಲ, ನೆನಪನ್ನು ನಂಬಿ ಕೂರಬೇಕಿಲ್ಲ. ಸಾಮಾನ್ಯ ಮನೆಗೆ 32 ಅಥವಾ 40 ಆಂಪಿಯರಿನದು ಬಳಸುತ್ತಾರೆ, ಆದರೆ ನಿಮ್ಮ ಮಂಜೂರಾದ ಲೋಡ್ ನೋಡಿ ಆರಿಸಬೇಕು. ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಿ. ಕಡಿದು ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ.

ಮಾಡಿನ ಮೇಲೆ ಸೋಲಾರ್ ಇದೆ. ತೊಂದರೆಯೇ?

ಗ್ರಿಡ್‌ಗೆ ಜೋಡಿಸಿದ ಸೋಲಾರ್ ಆದರೆ ಹೌದು. ಜನರೇಟರ್ ಕೊಡುವ ಕರೆಂಟನ್ನೇ ಗ್ರಿಡ್ ಎಂದು ತಿಳಿದು ಸೋಲಾರ್ ಇನ್ವರ್ಟರ್ ಎಚ್ಚರಗೊಂಡು, ಹೆಚ್ಚಾದ ವಿದ್ಯುತ್ತನ್ನು ಜನರೇಟರಿನೊಳಕ್ಕೇ ತಳ್ಳಬಹುದು. ಜನರೇಟರ್ ಓಡುವಾಗ ಸೋಲಾರ್ ಪ್ರತ್ಯೇಕವಾಗುವಂತೆ ಚೇಂಜ್‌ಓವರಿನ ಲೈನ್ ಬದಿಯಲ್ಲೇ ಅದನ್ನು ಜೋಡಿಸಿರಬೇಕು. ಹಾಕಿಕೊಟ್ಟವರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಓಡುತ್ತಿರುವಾಗಲೇ ಪೆಟ್ರೋಲ್ ಹಾಕಬಹುದೇ?

ಕೂಡದು. ಆರಿಸಿ ಕನಿಷ್ಠ 15 ನಿಮಿಷ ಬಿಡಿ. ಸಣ್ಣ ಜನರೇಟರಿನಲ್ಲಿ ಟ್ಯಾಂಕ್ ಮೇಲೆ, ಎಂಜಿನ್ ಕೆಳಗೆ, ಸೈಲೆನ್ಸರ್ ಪಕ್ಕದಲ್ಲಿ. ಮುಚ್ಚಳದ ಅಂಚಿನಿಂದ ಜಾರಿದ ಒಂದು ಎಳೆ ಪೆಟ್ರೋಲ್ ಟ್ಯಾಂಕಿನ ಪಕ್ಕೆಯ ಮೇಲೆ ಇಳಿದು ನೇರವಾಗಿ ಕಾದ ಲೋಹಕ್ಕೆ ತಾಗುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಕ್ಯಾಂಡಲ್, ಬೀಡಿ, ಸಿಗರೇಟು, ಬಚ್ಚಲೊಲೆ ಯಾವುದೂ ಹತ್ತಿರ ಇರಬಾರದು. ಬೆಳಕಿಗೆ ಟಾರ್ಚ್ ಬಳಸಿ.

ಆಲಿಕೆ ಇಟ್ಟು ನಿಧಾನ ಸುರಿಯಿರಿ, ಕತ್ತಿನ ತನಕ ತುಂಬದೆ ಎರಡು ಬೆರಳಿನಷ್ಟು ಜಾಗ ಬಿಡಿ, ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ. ಚೆಲ್ಲಿದ್ದನ್ನು ಒರೆಸಿ ಪೂರ್ತಿ ಆರಿದ ಮೇಲಷ್ಟೇ ಸ್ಟಾರ್ಟ್ ಮಾಡಿ. ಒಂದು ಬಕೆಟ್ ಒಣ ಮರಳು, ಸಾಧ್ಯವಾದರೆ ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಉರಿ ಹರಡುತ್ತದೆ.

ಮನೆಯಲ್ಲಿ ಎಷ್ಟು ಪೆಟ್ರೋಲ್ ಇಟ್ಟುಕೊಳ್ಳಬಹುದು?

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್ ತನಕ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಅದೂ ಗಟ್ಟಿ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಒಂದೊಂದು ಕ್ಯಾನ್ 25 ಲೀಟರ್ ಮೀರದಂತೆ. ನೀರಿನ ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ. ಮಕ್ಕಳು ಕುಡಿದ ಅನಾಹುತಗಳು ಶುರುವಾಗುವುದೇ ಅಲ್ಲಿಂದ. ಕ್ಯಾನ್ ಅಡುಗೆಮನೆ, ಮಲಗುವ ಕೋಣೆಯಿಂದ ದೂರವಿರಲಿ.

ಇಷ್ಟಕ್ಕೂ ಹೆಚ್ಚು ಕೂಡಿಡುವುದರಲ್ಲಿ ಲಾಭವಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇ. 20ರ ತನಕ ಇರುತ್ತದೆ, ಅದು ಮಳೆಗಾಲದ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಜೊತೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಎಂಜಿನಿಗೆ ಮೊದಲು ಹೋಗುವುದು ಆ ತಳದ್ದೇ. ಒಂದು ತಿಂಗಳಿಗಿಂತ ಹಳೆಯದಾಗಲು ಬಿಡಬೇಡಿ. 2 ಕೆವಿಎ ಯಂತ್ರ ಪೂರ್ಣ ಲೋಡಿನ ಹತ್ತಿರ ಗಂಟೆಗೆ ಸುಮಾರು 1 ಲೀಟರ್ ಕುಡಿಯುತ್ತದೆ, ಅದನ್ನು ಲೆಕ್ಕ ಹಾಕಿ ತನ್ನಿ.

ಮಳೆ ಸುರಿಯುವಾಗ ಓಡಿಸುವುದು ಹೇಗೆ?

ನಾಲ್ಕು ಕಂಬ, ಮೇಲೊಂದು ತಗಡು, ನಾಲ್ಕೂ ಕಡೆ ಬಯಲು. ತಗಡು ಯಂತ್ರಕ್ಕಿಂತ ಮೂರು ನಾಲ್ಕು ಅಡಿ ಮೇಲಿರಲಿ, ಅಡ್ಡಮಳೆ ತಾಗದಷ್ಟು ಹೊರಚಾಚಿರಲಿ. ಕೆಳಗೆ ಜಂಬಿಟ್ಟಿಗೆ ಕಲ್ಲಿನ ಸಮತಟ್ಟು ಕಟ್ಟೆ ಮಾಡಿ, ನೀರು ಹರಿದು ಬಂದರೂ ಯಂತ್ರ ಮೇಲಿರುತ್ತದೆ. ಟಾರ್ಪಾಲು ಸುತ್ತಿದರೆ ಎಂಜಿನಿಗೆ ಗಾಳಿ ಸಿಗದೆ ಕಾಯುತ್ತದೆ, ಟಾರ್ಪಾಲೇ ಸೈಲೆನ್ಸರಿಗೆ ಅಂಟಿ ಉರಿಯುತ್ತದೆ. ಅಡಿಕೆ ಸೋಗೆಯ ಚಪ್ಪರದಡಿ, ಒಣಹುಲ್ಲಿನ ಪಕ್ಕ ಇಡುವ ಯೋಚನೆಯೇ ಬೇಡ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಸಾಕೆಟ್ ಒಳಗೆ ನೀರು ಹೋಗಿದ್ದರೆ ಆ ದಿನ ಬಳಸಬೇಡಿ.

ಅರ್ಥ್ ಮಾಡಲೇಬೇಕೇ? ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಇದೆಯಲ್ಲ?

ಬಹಳ ಜನ ತಪ್ಪು ತಿಳಿದಿರುವ ವಿಷಯ ಇದು. ಹೆಚ್ಚಿನ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಎಂದು ಕರೆಯುವ ತಂತಿ ಭೂಮಿಗಾಗಲಿ, ಯಂತ್ರದ ಮೈಗಾಗಲಿ ಜೋಡಣೆಯಾಗಿರುವುದಿಲ್ಲ, ತೇಲುತ್ತಿರುತ್ತದೆ. ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಮಂದವಾಗಿ ಉರಿಯುವುದು ಇದಕ್ಕೇ.

ಮನೆಯ ಆರ್‌ಸಿಸಿಬಿ ಕೆಲಸ ಮಾಡಬೇಕಾದರೆ ಸೋರಿದ ಕರೆಂಟ್ ಭೂಮಿಯ ಮೂಲಕ ಮೂಲಕ್ಕೆ ಮರಳುವ ದಾರಿ ಇರಬೇಕು. ತೇಲುವ ನ್ಯೂಟ್ರಲ್ ಇರುವಾಗ ಆ ದಾರಿ ಇಲ್ಲ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸುಮ್ಮನೆ ಕೂರುತ್ತದೆ. ಅದರ ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಟ್ರಿಪ್ ಆಗುತ್ತದೆ, ಯಾಕೆಂದರೆ ಆ ಬಟನ್ ಭೂಮಿಯನ್ನು ಬಳಸುವುದೇ ಇಲ್ಲ, ಒಳಗೇ ಫೇಸ್‌ನಿಂದ ನ್ಯೂಟ್ರಲ್‌ಗೆ ದಾರಿ ಮಾಡುತ್ತದೆ. ಬಟನ್ ಕೆಲಸ ಮಾಡಿತೆಂದು ನೆಮ್ಮದಿ ಪಡುವಂತಿಲ್ಲ.

ಚೇಂಜ್‌ಓವರ್ ಮೂಲಕ ಮನೆಗೆ ಕೊಡುವುದಾದರೆ, ಜನರೇಟರ್ ಬದಿಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದೇ ಒಂದು ಕಡೆ ಜೋಡಿಸಬೇಕೇ, ಹೇಗೆ ಎಂಬುದನ್ನು ಯಂತ್ರದ ಕೈಪಿಡಿ ನೋಡಿ ಎಲೆಕ್ಟ್ರಿಷಿಯನ್ ತೀರ್ಮಾನಿಸಲಿ. ಕೆಲವು ಇನ್ವರ್ಟರ್ ಮಾದರಿಯ (ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕರೆಂಟನ್ನು ಹದ ಮಾಡಿ ಕೊಡುವ) ಜನರೇಟರುಗಳಲ್ಲಿ ಹಾಗೆ ಜೋಡಿಸಿದರೆ ಯಂತ್ರವೇ ಕೆಡುತ್ತದೆ, ನೀವೇ ಪ್ರಯೋಗ ಮಾಡಬೇಡಿ. ಮೈಯ ಮೇಲಿರುವ ಅರ್ಥ್ ಬೋಲ್ಟಿಗೆ ಹಸಿರು ತಂತಿ ಬಿಗಿದು ಮನೆಯ ಅರ್ಥ್ ಗುಂಡಿಗೆ ಸೇರಿಸುವುದು ಆಗಲೇಬೇಕು. ನೀರಿನ ಪೈಪಿಗೆ ಸುತ್ತುವುದು ಅರ್ಥ್ ಅಲ್ಲ, ಈಗ ಮುಕ್ಕಾಲು ಪೈಪು ಪ್ಲಾಸ್ಟಿಕ್.

2 ಕೆವಿಎಯಲ್ಲಿ ಏನೇನು ನಡೆಯುತ್ತದೆ?

2 ಕೆವಿಎ ಎಂದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್. ಯಂತ್ರದ ಫಲಕದಲ್ಲಿ ಗರಿಷ್ಠ ಮತ್ತು ನಿರಂತರ ಎಂದು ಎರಡು ಅಂಕಿ ಇರುತ್ತವೆ. ಲೆಕ್ಕಕ್ಕೆ ನಿರಂತರದ್ದನ್ನೇ ಹಿಡಿಯಿರಿ, ಅದರಲ್ಲೂ ಶೇ. 80ಕ್ಕೆ ನಿಲ್ಲಿಸಿ. ಅಂದರೆ 1,600 ವ್ಯಾಟ್ ಆಸುಪಾಸು.

9 ವ್ಯಾಟಿನ ಆರು ಎಲ್‌ಇಡಿ 54, ಎರಡು ಹಳೆಯ ಫ್ಯಾನ್ 150, ಟಿವಿ 100. ಇಲ್ಲಿಗೆ 304 ವ್ಯಾಟ್. ಫ್ರಿಜ್ಜು ಓಡುವಾಗ 200 ವ್ಯಾಟ್ ತೆಗೆದುಕೊಂಡರೂ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ 1,000 ವ್ಯಾಟ್ ಎಳೆಯಬಹುದು. ಒಟ್ಟು 1,300 ಚಿಲ್ಲರೆ, ನಡೆಯುತ್ತದೆ. ಇದರ ಮೇಲೆ 750 ವ್ಯಾಟಿನ ಮಿಕ್ಸಿ ತಿರುಗಿಸಿದರೆ ಗಡಿ ದಾಟಿತು. ಮಿಕ್ಸಿಯ ಐದು ನಿಮಿಷ ಫ್ರಿಜ್ಜು ಆಫ್ ಮಾಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಈ ಗಾತ್ರದ ಯಂತ್ರಕ್ಕೆ ಹೇಳಿದ್ದಲ್ಲ.

1 ಎಚ್‌ಪಿ ಪಂಪ್ ಯಾಕೆ ಎತ್ತುವುದಿಲ್ಲ?

1 ಎಚ್‌ಪಿ ಎಂದರೆ 746 ವ್ಯಾಟ್, ಅದು ಮೋಟರ್ ಹೊರಗೆ ಕೊಡುವ ಶಕ್ತಿ. ಒಳಗೆ ತೆಗೆದುಕೊಳ್ಳುವುದು 1,000 ವ್ಯಾಟಿಗೂ ಮೇಲೆ, ಶುರುವಾಗುವಾಗ ಅದರ ನಾಲ್ಕೈದು ಪಟ್ಟು ಕರೆಂಟ್. 2 ಕೆವಿಎ ಯಂತ್ರ ಅಷ್ಟು ಕೊಡಲಾರದು: ಎಂಜಿನ್ ಕುಸಿಯುತ್ತದೆ, ದೀಪ ಮಂಕಾಗುತ್ತದೆ, ಮೋಟರ್ ತಿರುಗದೆ ಗುಂಯ್ ಎನ್ನುತ್ತ ನಿಲ್ಲುತ್ತದೆ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಾಗೆ ಬಿಟ್ಟರೆ ಕೆಪಾಸಿಟರ್, ವೈಂಡಿಂಗ್ ಸುಡುತ್ತದೆ. 3.5ರಿಂದ 5 ಕೆವಿಎ ಬೇಕು, ಪಂಪನ್ನು ಮೊದಲು ಹಾಕಿ ಅದು ಓಟ ಹಿಡಿದ ಮೇಲೆ ಉಳಿದದ್ದು. ತೋಟದ ತ್ರೀ ಫೇಸ್ ಪಂಪ್‌ಸೆಟ್ ಈ ಯಂತ್ರಗಳಲ್ಲಿ ನಡೆಯುವುದೇ ಇಲ್ಲ.

ಎಂಥ ವೈರು ಬಳಸಬೇಕು?

ಮೂರು ಎಳೆಯ ತಾಮ್ರದ, ದಪ್ಪ ಹೊದಿಕೆಯ ವೈರು, 2.5 ಚದರ ಮಿ.ಮೀ. 20 ಅಡಿ ದೂರ ಇಡಿ ಎಂದಾಗ ವೈರು ಉಳಿಸಲು ಹತ್ತಿರ ತರುವವರಿದ್ದಾರೆ. 20 ಮೀಟರ್ ವೈರಿನ ಬೆಲೆ ಲೆಕ್ಕ ಹಾಕುವ ಜಾಗ ಇದಲ್ಲ. ದೀಪದ ಸರದ ತೆಳು ಎರಡೆಳೆ ವೈರಿನಲ್ಲಿ ಅರ್ಥ್ ಇಲ್ಲ, ಹೆಚ್ಚು ಲೋಡಿಗೆ ಅದು ಕಾಯುತ್ತದೆ. ಉರುಳೆಯ ಮೇಲಿನ ವೈರನ್ನು ಪೂರ್ತಿ ಬಿಚ್ಚಿ, ಸುತ್ತಿಯೇ ಇಟ್ಟರೆ ಒಳಗಿನ ಬಿಸಿ ಹೊರಹೋಗದೆ ಹೊದಿಕೆ ಕರಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಯಂತ್ರ ಆರಿಸಿ, ಪಿನ್ನಿನ ಹತ್ತಿರ ವೈರನ್ನು ಹಿಡಿದು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟಿದ್ದರೆ ವೈರು ತೆಳು ಅಥವಾ ಪಿನ್ ಸಡಿಲ.

ಸ್ಟಾರ್ಟ್ ಮಾಡುವ, ಆರಿಸುವ ಕ್ರಮ?

ಸಮತಟ್ಟು ಜಾಗದಲ್ಲಿ ಆಯಿಲ್ ಮಟ್ಟ ನೋಡಿ. ಎಲ್ಲ ಲೋಡ್ ತೆಗೆದಿರಬೇಕು. ಪೆಟ್ರೋಲ್ ಕಾಕ್ ತೆರೆದು, ಟ್ಯಾಂಕ್ ಮುಚ್ಚಳದಲ್ಲಿ ಗಾಳಿಯ ಕೀಲಿ ಇದ್ದರೆ ಅದನ್ನೂ ತೆರೆದು, ಎಂಜಿನ್ ತಣ್ಣಗಿದ್ದರೆ ಚೋಕ್ ಎಳೆಯಿರಿ. ಹಗ್ಗವನ್ನು ಮೊದಲು ನಿಧಾನ ಎಳೆಯಿರಿ, ಒಂದು ಕಡೆ ಕೈಗೆ ಬಿಗಿ ತಾಗುತ್ತದೆ. ಅಲ್ಲಿಂದ ಒಂದೇ ಜೋರಿನಲ್ಲಿ ಎಳೆದು, ಹಿಡಿಕೆಯನ್ನು ಕೈಬಿಡದೆ ಮೆಲ್ಲಗೆ ಒಳಗೆ ಬಿಡಿ. ಬಿಗಿ ಸಿಗುವ ಮೊದಲೇ ಜಗ್ಗಿದರೆ ಹಗ್ಗ ತಿರುಗಿ ಸೆಳೆದು ಮಣಿಕಟ್ಟು ಉಳುಕುತ್ತದೆ. ಎಂಜಿನ್ ಹಿಡಿದ ಮೇಲೆ ಚೋಕ್ ತಳ್ಳಿ, ಎರಡು ಮೂರು ನಿಮಿಷ ಬಿಟ್ಟು, ದೊಡ್ಡ ಲೋಡ್ ಮೊದಲು, ಸಣ್ಣದು ಆಮೇಲೆ ಹಾಕಿ.

ಆರಿಸುವಾಗ ಲೋಡ್ ತೆಗೆದು ಎರಡು ನಿಮಿಷ ಓಡಲು ಬಿಡಿ, ಆಮೇಲೆ ಸ್ವಿಚ್, ಕೊನೆಗೆ ಕಾಕ್. ಹಳೆಯ ಸೀಮೆಎಣ್ಣೆ ಜನರೇಟರ್ ಆದರೆ ಪೆಟ್ರೋಲಿನಲ್ಲಿ ಶುರು ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು, ಆರಿಸುವ ಮೊದಲು ಮತ್ತೆ ಪೆಟ್ರೋಲಿಗೆ. ಇಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಷ್ಟು ಎಳೆದರೂ ಹಿಡಿಯುವುದಿಲ್ಲ.

ಮನೆಯ ಯುಪಿಎಸ್ ಚಾರ್ಜ್ ಆಗುತ್ತಿಲ್ಲ.

ಜನರೇಟರಿನ ವೋಲ್ಟೇಜು, ಫ್ರೀಕ್ವೆನ್ಸಿ ಏರಿಳಿಯುವುದರಿಂದ ಯುಪಿಎಸ್ ಅದನ್ನು ಒಪ್ಪುತ್ತಿಲ್ಲ. ಹಿಂಬದಿಯಲ್ಲಿ ಯುಪಿಎಸ್, ಇಕೋ ಎಂಬ ಸ್ವಿಚ್ ಇದ್ದರೆ ಇಕೋಗೆ ಹಾಕಿ, ಅದು ಹೆಚ್ಚು ಅಗಲದ ಏರಿಳಿತವನ್ನು ಒಪ್ಪುತ್ತದೆ. 50 ಹರ್ಟ್ಸ್ ಬರಲು ಸಾಮಾನ್ಯ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಬೇಕು. ಕಿವಿಯ ಅಂದಾಜಿನ ಮೇಲೆ ಎಂಜಿನ್ ವೇಗ ಹಿಡಿದಿಡುವ ಗವರ್ನರ್ ಸ್ಕ್ರೂ ತಿರುಗಿಸಿದರೆ ವೋಲ್ಟೇಜು ಏರಿ ಟಿವಿ, ಫ್ರಿಜ್ಜಿನ ಬೋರ್ಡು ಸುಡುತ್ತದೆ.

ಆಯಿಲ್, ಫಿಲ್ಟರ್, ಪ್ಲಗ್ ಯಾವಾಗ ನೋಡಬೇಕು?

ಹೊಸ ಯಂತ್ರದ ಆಯಿಲನ್ನು ಮೊದಲ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಬದಲಿಸಿ. ಸಾಮಾನ್ಯವಾಗಿ 10ಡಬ್ಲ್ಯೂ-30, 2ರಿಂದ 3 ಕೆವಿಎ ಎಂಜಿನಿಗೆ ಸುಮಾರು 600 ಮಿ.ಲೀ. ಕೈಪಿಡಿಯ ಮಾತೇ ಅಂತಿಮ. ಸ್ಪಂಜಿನ ಏರ್ ಫಿಲ್ಟರನ್ನು ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ ಹಿಂಡಿ ಹಾಕಿ. ಪ್ಲಗ್ಗಿನ ಸಂದು 0.7ರಿಂದ 0.8 ಮಿ.ಮೀ.

ಎಂಜಿನ್ ಶುರುವಾಗಿ ತಕ್ಷಣ ನಿಲ್ಲುತ್ತದೆ, ಅಥವಾ ಓಡಿದರೂ ಕರೆಂಟ್ ಇಲ್ಲ. ಯಾಕೆ?

ನಿಲ್ಲುವುದಕ್ಕೆ ಮೊದಲ ಗುಮಾನಿ ಆಯಿಲ್. ಮಟ್ಟ ಇಳಿದರೆ, ಯಂತ್ರ ಓರೆಯಾಗಿದ್ದರೂ ಕೂಡ, ಸೆನ್ಸರ್ ಆರಿಸಿಬಿಡುತ್ತದೆ. ಸೆನ್ಸರ್ ತಂತಿ ಕಿತ್ತು ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಓಡಿ ನಿಂತು, ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆಂದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಓಟ ಏರುತ್ತ ಇಳಿಯುತ್ತ ಇದ್ದರೆ ಕಾರ್ಬ್ಯುರೇಟರ್ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ) ಕಸ. ಕಪ್ಪು ಹೊಗೆಗೆ ಚೋಕ್ ಅಥವಾ ಕೊಳಕು ಫಿಲ್ಟರ್, ನೀಲಿ ಹೊಗೆಗೆ ಹೆಚ್ಚಾದ ಆಯಿಲ್ ಕಾರಣ.

ಓಡಿಯೂ ಕರೆಂಟ್ ಬಾರದಿದ್ದರೆ ಯಂತ್ರದ ಎಂಸಿಬಿ ಬಿದ್ದಿದೆಯೇ ನೋಡಿ, ಲೋಡ್ ತೆಗೆದು ಎತ್ತಿ. ಆದರೂ ಬಾರದಿದ್ದರೆ ಬ್ರಷ್, ವೋಲ್ಟೇಜು ಹದದಲ್ಲಿಡುವ ಎವಿಆರ್ ಅಥವಾ ಸುರುಳಿಯ ಅಯಸ್ಕಾಂತ ಶಕ್ತಿ ಹೋಗಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಮಳೆಗಾಲ ಮುಗಿದ ಮೇಲೆ ಹೇಗೆ ಎತ್ತಿಡಬೇಕು?

ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನ ತಳದ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ಉಳಿದರೆ ಅದು ಅಂಟಾಗಿ ಜೆಟ್ ಮುಚ್ಚುತ್ತದೆ. ಪ್ಲಗ್ ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಹನಿಸಿ, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಹಾಕಿ, ಬಿಗಿ ಸಿಗುವ ಜಾಗದಲ್ಲಿ ಹಗ್ಗ ನಿಲ್ಲಿಸಿ. ಆಗ ವಾಲ್ವುಗಳು ಮುಚ್ಚಿರುತ್ತವೆ, ತೇವ ಒಳಗೆ ಹೋಗುವುದಿಲ್ಲ. ಮೇ ಕೊನೆಯ ವಾರ ಹೊಸ ಪೆಟ್ರೋಲ್ ಹಾಕಿ, ಅಂಗಳದಲ್ಲಿಟ್ಟು ಅರ್ಧ ಲೋಡಿನಲ್ಲಿ 20 ನಿಮಿಷ ಓಡಿಸಿ ನೋಡಿ. ಪೆಟ್ರೋಲ್ ಪೈಪಿನ ರಬ್ಬರ್ ಬಿರಿದಿದ್ದರೆ, ಇಲಿ ಕಡಿದಿದ್ದರೆ ಬದಲಿಸಲು ಆಗಿನ್ನೂ ಸಮಯ ಇರುತ್ತದೆ.